ಗೆಳೆಯರ ಜೊತೆ ಒಗಟು, ಅಂಕಿಯಾಟ: ಉತ್ತರ ಮೊದಲೇ ಹೊಳೆದವರು ಏನು ಮಾಡಬೇಕು?

ಪೆನ್ಸಿಲ್ ತುದಿ

ನಾವು ಐದು ಜನ ಗೆಳೆಯರು. ಒಟ್ಟಿಗೆ ಕೂತಾಗ ಒಗಟು, ಅಂಕಿಯಾಟ, ತರ್ಕದ ಪ್ರಶ್ನೆ ಅಂತ ಏನಾದರೂ ಒಂದು ಶುರುವಾಗುತ್ತದೆ. ಬಹುಮಾನ ಇಲ್ಲ, ಪಾಯಿಂಟ್ ಇಲ್ಲ, ಸುಮ್ನೆ ಖುಷಿಗೆ. ಈಚೆಗೆ ಒಂದು ತೊಡಕು ಬಂದಿದೆ. ನಮ್ಮಲ್ಲಿ ಒಬ್ಬನ ತಲೆ ಬಹಳ ಚುರುಕು. ನಾವಿನ್ನೂ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುತ್ತಿರುವಾಗಲೇ ಅವನು ಉತ್ತರ ಹೇಳಿಬಿಡುತ್ತಾನೆ. ಉಳಿದವರು "ಹೌದಲ್ವಾ" ಅಂದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಒಬ್ಬ ಗೆಳತಿ ಈಗ ಯೋಚಿಸುವುದನ್ನೇ ಬಿಟ್ಟಿದ್ದಾಳೆ. "ಹೇಗೂ ಅವನು ಹೇಳ್ತಾನೆ" ಅನ್ನುತ್ತಾಳೆ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಹೊಳೆದದ್ದನ್ನು ಬಾಯಲ್ಲೇ ಇಟ್ಟುಕೊಳ್ಳುವುದು ಯಾರಿಗಾದರೂ ಕಷ್ಟ. ಆದರೆ ಉತ್ತರಕ್ಕಾಗಿ ತಡಕಾಡುವ ಹೊತ್ತೇ ನನ್ನ ಪ್ರಕಾರ ಇಡೀ ಆಟ. ಅದು ಪ್ರತಿಯೊಬ್ಬರಿಗೂ ಸಿಗಬೇಕು. ನಿಮ್ಮ ನಿಮ್ಮ ಗುಂಪಿನಲ್ಲಿ ಇದನ್ನು ಹೇಗೆ ನಿಭಾಯಿಸುತ್ತೀರಿ?

ಬರಿಗೈಲಿ ಕೇಳುವುದು ಬೇಡ ಅಂತ ಒಂದು ಲೆಕ್ಕವನ್ನೂ ಇಡುತ್ತಿದ್ದೇನೆ:

ಕಮ + ಮಕ = ಲಕಲ

ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ. ಬೇರೆ ಅಕ್ಷರಕ್ಕೆ ಬೇರೆ ಅಂಕಿ. ಯಾವ ಸಂಖ್ಯೆಯೂ ಸೊನ್ನೆಯಿಂದ ಶುರುವಾಗುವುದಿಲ್ಲ. ಉತ್ತರ ಒಂದೇ ಇದೆ.

ಹಳೇ ಮೇಷ್ಟ್ರು

ಒಳ್ಳೆ ಲೆಕ್ಕ. ಉತ್ತರ ಬರೆಯುವುದಿಲ್ಲ, ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ. ಎರಡಂಕಿಯ ಎರಡು ಸಂಖ್ಯೆ ಕೂಡಿದರೆ ಹೆಚ್ಚೆಂದರೆ ಎಷ್ಟು ಬರಬಹುದು? ಇದಕ್ಕೆ ಉತ್ತರ ಸಿಕ್ಕರೆ 'ಲ' ತಾನಾಗಿ ಸಿಗುತ್ತದೆ.

ನೀವು ಕೇಳಿದ್ದಕ್ಕೂ ನನ್ನ ಉತ್ತರ ಇದರಲ್ಲೇ ಇದೆ. ಗೊತ್ತಾದವರು ಸುಮ್ಮನೆ ಬಾಯಿ ಮುಚ್ಚಿ ಕೂರಬೇಕು ಅಂದರೆ ಅವರಿಗೂ ಬೇಸರ, ಅವರ ಮುಖ ನೋಡುವವರಿಗೂ ಬೇಸರ. ಅವರಿಗೊಂದು ಕೆಲಸ ಕೊಡಿ. ಗೊತ್ತಾದವರು ಸುಳಿವು ಕೊಡಬೇಕು, ಆ ಸುಳಿವು ಪ್ರಶ್ನೆಯ ರೂಪದಲ್ಲೇ ಇರಬೇಕು. "ಲ ಅಂದರೆ 1" ಅಂತ ಹೇಳಿದರೆ ಒಂದು ಮೆಟ್ಟಿಲನ್ನು ನೀವೇ ಹತ್ತಿದಂತೆ. "ಮೊತ್ತ ಎಷ್ಟರವರೆಗೆ ಹೋಗಬಹುದು" ಅಂತ ಕೇಳಿದರೆ ಹತ್ತುವವರು ಅವರೇ. ಇಂಥ ಪ್ರಶ್ನೆ ಹುಡುಕುವುದು ಲೆಕ್ಕ ಬಿಡಿಸುವುದಕ್ಕಿಂತ ಕಷ್ಟ. ಚುರುಕು ತಲೆಯವರಿಗೆ ತಕ್ಕ ಕೆಲಸ.

ಚುಕ್ಕಿ

ಮೇಷ್ಟ್ರೇ, ನಿಮ್ಮ ಸುಳಿವಿನಿಂದ ಬಂತು! ಲೆಕ್ಕ ಅಂದರೆ ದೂರ ಓಡುವವಳು ನಾನು. ದಾರಿ ಬರೆಯಲಾ?

ಪೆನ್ಸಿಲ್ ತುದಿ

ಬರೆಯಿರಿ ಚುಕ್ಕಿ ಅವರೇ. ಇನ್ನೂ ಪ್ರಯತ್ನ ಮಾಡುತ್ತಿರುವವರು ಮುಂದಿನ ಬರಹ ಬಿಟ್ಟು ಓದಿ.

ಚುಕ್ಕಿ

ಎರಡಂಕಿಯ ಎರಡು ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಮೊತ್ತ 200 ಮುಟ್ಟುವುದಿಲ್ಲ. ಹಾಗಾಗಿ ಲ = 1. ಈಗ ಬಿಡಿ ಸ್ಥಾನ ನೋಡಿದೆ. ಮ ಮತ್ತು ಕ ಕೂಡಿದರೆ ಕೊನೆಗೆ 1 ಬರಬೇಕು. ಬರೀ 1 ಬರಬೇಕಾದರೆ ಒಂದು ಅಕ್ಷರ ಸೊನ್ನೆ ಆಗಬೇಕು, ಅದು ಆಗಲ್ಲ. ಅಂದರೆ ಮ + ಕ = 11. ಹತ್ತರ ಸ್ಥಾನದಲ್ಲೂ ಅದೇ 11, ಜೊತೆಗೆ ದಶಕದ 1 ಸೇರಿ 12. ಮೊತ್ತ 121. ನಡುವಿನ ಅಂಕಿ ಕ, ಅಂದರೆ 2. ಮ = 9. 29 + 92 = 121.

ಕೊನೆ ಸಾಲು ಬರೆಯುವಾಗ ಎಷ್ಟು ಖುಷಿ ಆಯಿತು ಅಂದರೆ, ಪಕ್ಕದಲ್ಲಿದ್ದ ತಮ್ಮನನ್ನು ಎಳೆದು ತೋರಿಸಿದೆ.

ಒಗಟುಪ್ರಿಯೆ

ಮೇಷ್ಟ್ರ ಮಾತು ಲೆಕ್ಕಕ್ಕೆ ಸರಿ. ಒಗಟಿಗೆ ಅದು ಅಷ್ಟಾಗಿ ಹೊಂದುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಲೆಕ್ಕದಲ್ಲಿ ಮೆಟ್ಟಿಲು ಇರುತ್ತದೆ, ಅರ್ಧ ದಾರಿ ಅಂತ ಒಂದಿರುತ್ತದೆ. ಒಗಟಿನಲ್ಲಿ ಅರ್ಧ ದಾರಿ ಇಲ್ಲ. ಹೊಳೆದರೆ ಪೂರ್ತಿ ಹೊಳೆಯಿತು, ಇಲ್ಲವಾದರೆ ಇಲ್ಲ. "ತೆಗೆದಷ್ಟೂ ದೊಡ್ಡದಾಗುತ್ತದೆ, ಏನದು?" ಇದಕ್ಕೆ ಯಾವ ಸುಳಿವು ಕೊಟ್ಟರೂ ಉತ್ತರವೇ ಬಾಯಿಗೆ ಬಂದುಬಿಡುತ್ತದೆ. "ನೆಲದಲ್ಲಿರುತ್ತದೆ" ಅಂದರೆ ಮುಗೀತು, ಗುಂಡಿ.

ನಮ್ಮ ಗುಂಪಿನಲ್ಲಿ ಒಗಟಿಗೆ ಸುಳಿವು ಕೊಡುವ ಪದ್ಧತಿಯೇ ಇಲ್ಲ. ಅದನ್ನೇ ಮತ್ತೊಮ್ಮೆ ನಿಧಾನವಾಗಿ ಹೇಳುತ್ತೇವೆ, ಅಷ್ಟೇ. ಎರಡನೇ ಸಲ ಕೇಳುವಾಗ 'ತೆಗೆದಷ್ಟೂ' ಅನ್ನುವ ಮಾತು ಬೇರೆ ಥರ ಕೇಳಿಸುತ್ತದೆ. ಗೊತ್ತಾದವರು ಉತ್ತರ ಹೇಳುವ ಬದಲು ಅದೇ ಉತ್ತರಕ್ಕೆ ತಮ್ಮದೊಂದು ಹೊಸ ಒಗಟು ಕಟ್ಟಬೇಕು. ಯಾರಾದರೂ "ನನ್ನೊಳಗೆ ಏನೂ ಇಲ್ಲ, ಆದರೂ ನೋಡದೆ ನಡೆದರೆ ಬೀಳುತ್ತೀರಿ" ಅಂದರೆ ಅವರಿಗೆ ಸಿಕ್ಕಿದೆ ಅಂತ ಗೊತ್ತಾಗುತ್ತದೆ. ಉಳಿದವರ ಕೈಗೆ ಒಂದರ ಬದಲು ಎರಡು ಒಗಟು ಬರುತ್ತದೆ.

ಅಕ್ಷರದ ಒಗಟಾದರೆ ಮಾತ್ರ ಮೆಟ್ಟಿಲು ಇರುತ್ತದೆ. ಇದನ್ನು ನೋಡಿ: ಮೂರಕ್ಷರದ ಪದ. ಪೂರ್ತಿ ಓದಿದರೆ ಜನ ತುಂಬಿದ ಊರು. ನಡುವಿನ ಅಕ್ಷರ ತೆಗೆದರೆ ಮನುಷ್ಯ. ಕೊನೆಯ ಅಕ್ಷರ ತೆಗೆದರೆ ಒಡವೆ.

ರಾತ್ರಿಪಾಳಿ

ಹೊಸ ಒಗಟು ಕಟ್ಟುವ ಉಪಾಯ ತುಂಬ ಇಷ್ಟವಾಯಿತು. ಅಕ್ಷರದ ಒಗಟಿಗೆ ನನ್ನ ಉತ್ತರ: ನಾನು ಇರುವುದೇ ಅದರಲ್ಲಿ, ಹಳ್ಳಿ ಬಿಟ್ಟು ಬಂದು ಸೇರಿಕೊಂಡದ್ದು. ಒಗಟಾಯಿತಲ್ವಾ?

ಪೆನ್ಸಿಲ್ ತುದಿ ಅವರೇ, ನನ್ನದು ಬೇರೆ ದಾರಿ. ಚುರುಕುತನ ಕೆಲಸಕ್ಕೆ ಬಾರದ ಪ್ರಶ್ನೆಗಳನ್ನೇ ಆರಿಸಿಕೊಳ್ಳಿ. ಕೆಲವು ಲೆಕ್ಕಗಳಲ್ಲಿ ಮೊದಲು ಹೊಳೆಯುವುದೇ ತಪ್ಪು ಉತ್ತರ. ಅಲ್ಲಿ ಬೇಗ ಹೇಳಿದವರಿಗಿಂತ ಅನುಮಾನ ಪಡುವವರಿಗೆ ಗೆಲುವು.

ಸೇತುವೆಯ ಪ್ರಶ್ನೆ ನಿಮಗೆ ಗೊತ್ತಿರಬಹುದು. ನಾಲ್ಕು ಜನ ಕತ್ತಲಲ್ಲಿ ಸೇತುವೆ ದಾಟಬೇಕು. ಇರುವುದು ಒಂದೇ ಟಾರ್ಚ್. ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ಜನ ಹೋಗುವಂತಿಲ್ಲ, ಟಾರ್ಚ್ ಇಲ್ಲದೆ ಯಾರೂ ಹೋಗುವಂತಿಲ್ಲ. ಒಬ್ಬರಿಗೆ ದಾಟಲು 1 ನಿಮಿಷ ಬೇಕು, ಇನ್ನೊಬ್ಬರಿಗೆ 2, ಮತ್ತೊಬ್ಬರಿಗೆ 5, ಕೊನೆಯವರಿಗೆ 10. ಇಬ್ಬರು ಜೊತೆಗೆ ಹೋದರೆ ನಿಧಾನದವರ ವೇಗವೇ ಲೆಕ್ಕ. ಎಲ್ಲರೂ ದಾಟಲು ಕಡಿಮೆ ಎಂದರೆ ಎಷ್ಟು ನಿಮಿಷ?

ಇದನ್ನು ನಾವು ನಾಲ್ಕು ಜನ ನೆಲದ ಮೇಲೆ ಸುಣ್ಣದಲ್ಲಿ ಎರಡು ಗೆರೆ ಎಳೆದು ಆಡಿದೆವು. ಒಬ್ಬೊಬ್ಬರ ಕೈಲಿ ಒಂದೊಂದು ಚೀಟಿ: 1, 2, 5, 10. ಮೊಬೈಲೇ ಟಾರ್ಚ್. ನಮ್ಮಲ್ಲಿ ಬಹಳ ಬೇಗ ಉತ್ತರ ಹೇಳುವವನು "19, ಇದಕ್ಕಿಂತ ಕಡಿಮೆ ಆಗಲ್ಲ" ಅಂದ. 1ರವರು ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗಿ ವಾಪಸ್ ಬರುವುದು ಅವನ ಲೆಕ್ಕ. ಎಲ್ಲರೂ ಒಪ್ಪಿದರು. 10ರ ಚೀಟಿ ಹಿಡಿದಿದ್ದ ಗೆಳತಿ ಮಾತ್ರ ಗೆರೆಯ ಆಚೆ ಹೋಗದೆ ನಿಂತಳು. "ನಾನೂ ಐದರವನೂ ಬೇರೆ ಬೇರೆ ಯಾಕೆ ಹೋಗಬೇಕು?" ಅಂತ ಕೇಳಿದಳು. ಆಮೇಲೆ ಅರ್ಧ ಗಂಟೆ ಗೆರೆಯ ಆಕಡೆ ಈಕಡೆ ಓಡಾಡಿದ್ದೇ ಆಡಿದ್ದು. ಉತ್ತರ ಹೇಳುವುದಿಲ್ಲ. 19ಕ್ಕಿಂತ ಕಡಿಮೆ ಇದೆ.

ಸೊನ್ನೆಯ ಗೆಳೆಯ

17. ದಾರಿ ಹೇಳುವುದಿಲ್ಲ. ಮೇಷ್ಟ್ರ ಥರ ಒಂದು ಪ್ರಶ್ನೆ ಕೇಳುತ್ತೇನೆ: 5 ಮತ್ತು 10 ಜೊತೆಯಾಗಿ ದಾಟಿದ ಮೇಲೆ ಟಾರ್ಚ್ ವಾಪಸ್ ತರಲು ಆಚೆ ಕಡೆ ಯಾರು ಕಾಯುತ್ತಿರಬೇಕು?

ಇನ್ನೊಂದು ವಿಷಯ ಹೇಳಲೇಬೇಕು. ಗೆಳೆಯರ ನಡುವೆ ಲೆಕ್ಕ ಕೇಳುವಾಗ ಪ್ರಶ್ನೆ ಪ್ರಾಮಾಣಿಕವಾಗಿರಬೇಕು. ಮೊಬೈಲಿನಲ್ಲಿ ಸುತ್ತುವ ಈ ಪ್ರಶ್ನೆ ನೋಡಿ:

1 + 4 = 5
2 + 5 = 12
3 + 6 = 21
8 + 11 = ?

ಹಿಂದಿನ ಉತ್ತರವನ್ನು ಸೇರಿಸುತ್ತ ಹೋದರೆ 40. ಎರಡನ್ನೂ ಗುಣಿಸಿ ಮೊದಲನೆಯದನ್ನು ಕೂಡಿದರೆ 96. ಎರಡೂ ಮೇಲಿನ ಮೂರು ಸಾಲಿಗೆ ಹೊಂದುತ್ತವೆ. ಹಾಗಿರುವಾಗ ಒಬ್ಬರು ಸರಿ, ಇನ್ನೊಬ್ಬರು ತಪ್ಪು ಅನ್ನುವುದು ಅನ್ಯಾಯ. ಇದರಿಂದ ಗೆಳೆಯರ ನಡುವೆ ಮಾತಿಗೆ ಮಾತು ಬೆಳೆಯುವುದನ್ನು ನೋಡಿದ್ದೇನೆ. ಲೆಕ್ಕ ಅಂದಮೇಲೆ ಒಂದು ಉತ್ತರ, ಅದಕ್ಕೊಂದು ಕಾರಣ ಇರಬೇಕು.

ಒಗಟುಪ್ರಿಯೆ

ಹಲವು ಉತ್ತರ ಇರುವುದು ತಪ್ಪು ಅಂತ ನಾನು ಒಪ್ಪುವುದಿಲ್ಲ. ಒಂದೇ ಉತ್ತರ ಅಂತ ಹಟ ಹಿಡಿಯುವುದು ತಪ್ಪು. "ಕೈಯಿಂದ ಮುಟ್ಟದೆಯೇ ಮುರಿಯಬಹುದು, ಏನದು?" ಅಂತ ನಮ್ಮಲ್ಲಿ ಒಬ್ಬರು ಕೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಮೌನ. ಒಬ್ಬಳು 'ಮಾತು' ಅಂದಳು. ಇನ್ನೊಬ್ಬರು 'ಸ್ನೇಹ' ಅಂದರು. 'ಮನಸ್ಸು' ಅಂದವರೂ ಇದ್ದರು. ಎಲ್ಲವೂ ಮುರಿಯುತ್ತವೆ, ಯಾವುದನ್ನೂ ಮುಟ್ಟಬೇಕಿಲ್ಲ. ಯಾವುದು ಹೆಚ್ಚು ಚೆನ್ನಾಗಿದೆ ಅಂತ ಮಾತಾಡುತ್ತಲೇ ಆ ಸಂಜೆ ಕಳೆಯಿತು. 'ಮಾತು ಮತ್ತು ಮೌನ ಎರಡನ್ನೂ ಮುರಿಯಬಹುದು' ಅನ್ನುವುದು ಅಲ್ಲಿಯವರೆಗೆ ನಮ್ಮಲ್ಲಿ ಯಾರ ತಲೆಗೂ ಬಂದಿರಲಿಲ್ಲ.

ಹಳೇ ಮೇಷ್ಟ್ರು

ಸಂಖ್ಯೆಯ ಸಾಲುಗಳ ಬಗ್ಗೆ ಸೊನ್ನೆಯ ಗೆಳೆಯರ ಎಚ್ಚರಿಕೆ ನ್ಯಾಯವಾದದ್ದು. ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಒಂದಿದೆ. ಮಕ್ಕಳ ಮುಂದೆ ಬೋರ್ಡಿನ ಮೇಲೆ ಬರೆಯುತ್ತಿದ್ದೆ: 1, 2, 4, 8, 16, ಮುಂದೇನು? ಇಡೀ ತರಗತಿ 32 ಅನ್ನುತ್ತಿತ್ತು.

ಒಂದು ವೃತ್ತ ಎಳೆಯಿರಿ. ಅದರ ಅಂಚಿನ ಮೇಲೆ ಒಂದು ಚುಕ್ಕಿ ಇಟ್ಟರೆ ವೃತ್ತ ಒಂದೇ ತುಂಡು. ಎರಡು ಚುಕ್ಕಿ ಇಟ್ಟು ಗೆರೆಯಿಂದ ಸೇರಿಸಿದರೆ ಎರಡು ತುಂಡು. ಮೂರು ಚುಕ್ಕಿಯನ್ನು ಒಂದಕ್ಕೊಂದು ಸೇರಿಸಿದರೆ ನಾಲ್ಕು. ನಾಲ್ಕು ಚುಕ್ಕಿಗೆ ಎಂಟು, ಐದಕ್ಕೆ ಹದಿನಾರು. ಆರು ಚುಕ್ಕಿಗೆ? ಚಿತ್ರ ದೊಡ್ಡದಾಗಿ ಬರೆಯಿರಿ, ಮೂರು ಗೆರೆ ಒಂದೇ ಕಡೆ ಕೂಡದಂತೆ ನೋಡಿಕೊಳ್ಳಿ, ತುಂಡುಗಳನ್ನು ಎಣಿಸಿ. 31 ಬರುತ್ತದೆ. ಮತ್ತೆ ಎಣಿಸಿದರೂ 31. ಎಲ್ಲೋ ಒಂದು ಕಳೆದುಹೋಗಿದೆ ಅಂತ ಮಕ್ಕಳು ಮೂರು ಮೂರು ಸಲ ಎಣಿಸುತ್ತಿದ್ದರು. ಹಾಗೆ ಎಣಿಸುವಾಗ ಅವರ ಮುಖ ನೋಡಬೇಕಿತ್ತು.

ಹಾಗಾಗಿ 'ಮುಂದೇನು' ಅಂತ ಕೇಳಿದವರನ್ನು "ಈ ಸಂಖ್ಯೆಗಳು ಎಲ್ಲಿಂದ ಬಂದವು?" ಅಂತ ತಿರುಗಿ ಕೇಳುವ ಹಕ್ಕು ಬಿಡಿಸುವವರಿಗೆ ಇರಬೇಕು.

ಲೆಕ್ಕ ಬೇರೆ, ಒಗಟು ಬೇರೆ ಅಂತ ಇಲ್ಲಿ ಇಬ್ಬರೂ ಗೆರೆ ಎಳೆಯುತ್ತಿದ್ದೀರಿ. ನಮ್ಮ ಹಿಂದಿನವರು ಆ ಗೆರೆಯನ್ನು ಎಳೆದಿರಲಿಲ್ಲ. ಭಾಸ್ಕರಾಚಾರ್ಯರ ಲೀಲಾವತಿ 12ನೇ ಶತಮಾನದ್ದು, ಪೂರ್ತಿ ಲೆಕ್ಕದ ಪುಸ್ತಕ. ಅದರಲ್ಲಿ ದುಂಬಿಗಳ ಲೆಕ್ಕ ಒಂದು ಬರುತ್ತದೆ. ದುಂಬಿಗಳ ಗುಂಪಿನ ಅರ್ಧದ ವರ್ಗಮೂಲದಷ್ಟು ದುಂಬಿಗಳು ಹೂಬಳ್ಳಿಗೆ ಹಾರಿದವು. ಇಡೀ ಗುಂಪಿನ ಒಂಬತ್ತರಲ್ಲಿ ಎಂಟು ಪಾಲು ಇನ್ನೊಂದು ಕಡೆ ಹೋಯಿತು. ಒಂದು ಗಂಡು ದುಂಬಿ ಪರಿಮಳಕ್ಕೆ ಸೋತು ರಾತ್ರಿ ತಾವರೆಯೊಳಗೆ ಸಿಕ್ಕಿಕೊಂಡಿದೆ, ಒಳಗಿಂದ ಗುಂಯ್‌ಗುಡುತ್ತಿದೆ. ಹೊರಗೆ ಅದರ ಸಂಗಾತಿ ಮರುದನಿ ಕೊಡುತ್ತಿದೆ. ಒಟ್ಟು ದುಂಬಿಗಳು ಎಷ್ಟು?

ಇದನ್ನು ಬೀಜಗಣಿತ ಇಲ್ಲದೆಯೂ ಬಿಡಿಸಬಹುದು. ಚುಕ್ಕಿಯಮ್ಮ, ಕೈಹಾಕಿ ನೋಡಿ. ಗುಂಪಿನ ಅರ್ಧಕ್ಕೆ ವರ್ಗಮೂಲ ಸಲೀಸಾಗಿ ಸಿಗಬೇಕು. ಇಡೀ ಗುಂಪು ಒಂಬತ್ತು ಸಮಪಾಲು ಆಗಬೇಕು. ಅಂಥ ಸಂಖ್ಯೆಗಳು ಯಾವುವು?

ಚುಕ್ಕಿ

ಮೊದಲು 18 ಹಿಡಿದೆ. ಅರ್ಧ 9, ವರ್ಗಮೂಲ 3. ಒಂಬತ್ತರಲ್ಲಿ ಎಂಟು ಪಾಲು 16. ಜೊತೆಗೆ ಆ ಜೋಡಿ 2. ಕೂಡಿದರೆ 21, ಇರುವ ದುಂಬಿಗಳಿಗಿಂತ ಜಾಸ್ತಿ. ಮುಂದಿನದು 72. ಅರ್ಧ 36, ವರ್ಗಮೂಲ 6. ಎಂಟು ಪಾಲು 64. 6, 64, 2 ಸೇರಿಸಿದರೆ 72. ಸರಿ ಕೂತಿತು!

ತಾವರೆಯೊಳಗೆ ಸಿಕ್ಕಿಕೊಂಡ ದುಂಬಿಯನ್ನು ಬಿಡಿಸಲಿಕ್ಕೇ ಲೆಕ್ಕ ಮಾಡಿದಂತೆ ಅನ್ನಿಸಿತು. ಲೆಕ್ಕದ ಭಯ ಇರುವವರಿಗೆ ಇಂಥವು ಇನ್ನೂ ಇದ್ದರೆ ಹೇಳಿ. ಬಿಡಿಸಲು ಬರದಿದ್ದರೂ ಮಜಾ ಕೊಡುವಂಥವು.

ಸೊನ್ನೆಯ ಗೆಳೆಯ

ಹಾಗಾದರೆ ಕಪ್ರೇಕರ್ ಅವರ ಸಂಖ್ಯೆಯಿಂದ ಶುರುಮಾಡಿ. ದ. ರಾ. ಕಪ್ರೇಕರ್ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. 1949ರಲ್ಲಿ ಇದನ್ನು ಕಂಡುಕೊಂಡರು. ನಾಲ್ಕಂಕಿಯ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೇ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದ ಉತ್ತರಕ್ಕೆ ಮತ್ತೆ ಹಾಗೇ ಮಾಡಿ (ಮೂರೇ ಅಂಕಿ ಬಂದರೆ ಮುಂದೊಂದು ಸೊನ್ನೆ ಇಟ್ಟುಕೊಳ್ಳಿ). 3524 ತೆಗೆದುಕೊಂಡರೆ:

5432 − 2345 = 3087
8730 − 0378 = 8352
8532 − 2358 = 6174

6174ಕ್ಕೆ ಮತ್ತೆ ಮಾಡಿದರೆ 7641 − 1467 = 6174. ಅಲ್ಲೇ ನಿಂತುಬಿಡುತ್ತದೆ. ಎಲ್ಲಿಂದ ಹೊರಟರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬರುತ್ತೀರಿ. ಐದು ಜನ ಐದು ಬೇರೆ ಬೇರೆ ಸಂಖ್ಯೆ ಇಟ್ಟುಕೊಂಡು, ಒಬ್ಬರಿಗೊಬ್ಬರು ತೋರಿಸದೆ ಮಾಡುತ್ತ ಹೋಗಿ, ಕೊನೆಗೆ ಹಾಳೆ ತಿರುಗಿಸಿ ನೋಡಿ. ಇಲ್ಲಿ ಚುರುಕು ತಲೆಗೆ ಯಾವ ಹೆಚ್ಚುಗಾರಿಕೆಯೂ ಇಲ್ಲ.

ಹಳೇ ಮೇಷ್ಟ್ರು

ಇನ್ನೂ ಹಳೆಯದು ಬೇಕಾದರೆ ಮಹಾವೀರಾಚಾರ್ಯರ ಹಾರದ ಸಂಖ್ಯೆಗಳು. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಇದ್ದವರು. ಗುಣಿಸಿದಾಗ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಉತ್ತರಗಳನ್ನು ಕೊಟ್ಟಿದ್ದಾರೆ. 139ನ್ನು 109ರಿಂದ ಗುಣಿಸಿ. 152207ನ್ನು 73ರಿಂದ ಗುಣಿಸಿ. ಪೆನ್ಸಿಲಿನಲ್ಲೇ ಮಾಡಿ, ಕ್ಯಾಲ್ಕುಲೇಟರ್ ಬೇಡ. ಕೊನೆಯ ಕೂಡುವ ಸಾಲಿನಲ್ಲಿ ಒಂದೊಂದೇ ಅಂಕಿ ಇಳಿಯುತ್ತ ಬರುವಾಗ ಸಿಗುವ ಸಂತೋಷವೇ ಬೇರೆ.

ರಾತ್ರಿಪಾಳಿ

ವಾದಕ್ಕೆ ಬಿದ್ದ ಗುಂಪಿಗೆ ನನ್ನದೂ ಒಂದು. ಮೂರು ಲೋಟ ಬೋರಲು ಹಾಕಿ, ಒಂದರ ಕೆಳಗೆ ನಾಣ್ಯ ಇಡಿ. ಆಡುವವರು ಒಂದು ಲೋಟ ಆರಿಸುತ್ತಾರೆ. ನಾಣ್ಯ ಇಟ್ಟವರು ಉಳಿದ ಎರಡರಲ್ಲಿ ಖಾಲಿ ಇರುವ ಒಂದನ್ನು ಎತ್ತಿ ತೋರಿಸುತ್ತಾರೆ. ಈಗ ಆಯ್ಕೆ ಬದಲಿಸಿದರೆ ಒಳ್ಳೆಯದಾ? ಎರಡೇ ಲೋಟ ಉಳಿದಿರುವುದರಿಂದ ಅರ್ಧಕ್ಕರ್ಧ ಅಂತ ಬಹಳ ಜನ ಹೇಳುತ್ತಾರೆ. ಬದಲಿಸಿದರೆ ಮೂರರಲ್ಲಿ ಎರಡು ಸಲ ಗೆಲ್ಲುತ್ತೀರಿ. 1990ರಲ್ಲಿ ಅಮೆರಿಕದ ಮೆರಿಲಿನ್ ವಾಸ್ ಸಾವಂಟ್ ತಮ್ಮ ಅಂಕಣದಲ್ಲಿ ಇದನ್ನು ಬರೆದಾಗ ಸಾವಿರಾರು ಓದುಗರು ತಪ್ಪು ಅಂತ ಪತ್ರ ಬರೆದರು. ಅವರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದವರೂ ಇದ್ದರು. ಸರಿಯಿದ್ದದ್ದು ಮೆರಿಲಿನ್ ಅವರೇ.

ಬಾಯಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ. ಅರ್ಧ ಜನ ಪ್ರತಿ ಸಲವೂ ಬದಲಿಸಲಿ, ಅರ್ಧ ಜನ ಬದಲಿಸದೆ ಇರಲಿ, ಗೆರೆ ಹಾಕಿ ಲೆಕ್ಕ ಇಡಿ. ಸುಮಾರು ಹೊತ್ತು ಆಡಿದ ಮೇಲೆ ಹಾಳೆಯೇ ಮಾತಾಡುತ್ತದೆ.

ಪೆನ್ಸಿಲ್ ತುದಿ

ಎಲ್ಲರಿಗೂ ಧನ್ಯವಾದ. ನಿನ್ನೆ ನಾವು ಸೇರಿದಾಗ ಮೇಷ್ಟ್ರ ಮಾತನ್ನು ಸ್ವಲ್ಪ ಬದಲಿಸಿ ಪ್ರಯತ್ನಿಸಿದೆವು. ಒಂದೇ ಲೆಕ್ಕದ ಮಾಹಿತಿಯನ್ನು ಮೂರು ಚೀಟಿಗೆ ಹಂಚಿದೆ. ಯಾರೂ ತಮ್ಮ ಚೀಟಿ ತೋರಿಸುವಂತಿಲ್ಲ, ಬಾಯಲ್ಲಿ ಮಾತ್ರ ಹೇಳಬೇಕು. ಚಿಕ್ಕ ಮಾದರಿ ಇಲ್ಲಿದೆ. ಬೇಕಾಗಿರುವುದು ಎರಡಂಕಿಯ ಒಂದು ಸಂಖ್ಯೆ. ಒಂದು ಚೀಟಿಯಲ್ಲಿ 'ಅದು 7ರ ಮಗ್ಗಿಯಲ್ಲಿ ಬರುತ್ತದೆ'. ಇನ್ನೊಂದರಲ್ಲಿ 'ಅಂಕಿಗಳನ್ನು ಕೂಡಿದರೆ 10'. ಮೂರನೆಯದರಲ್ಲಿ 'ಅದು ಸಮಸಂಖ್ಯೆ'. ಯಾವ ಎರಡು ಚೀಟಿ ಸೇರಿದರೂ ಸಾಲದು. ಮೂರೂ ಬೇಕು. ನಮ್ಮ ಚುರುಕು ಗೆಳೆಯನಿಗೆ 'ಸಮಸಂಖ್ಯೆ' ಚೀಟಿ ಸಿಕ್ಕಿತು. ಅವನು ಬೇರೆಯವರ ಮಾತು ಕೇಳಲೇಬೇಕಾಯಿತು. ಯೋಚಿಸುವುದನ್ನು ಬಿಟ್ಟಿದ್ದಳು ಅಂದೆನಲ್ಲ, ಆ ಗೆಳತಿ 28 ಮತ್ತು 91 ಎರಡನ್ನೂ ಹಿಡಿದು ಅವನನ್ನು ಕೇಳಿದಳು, "ನಿನ್ನ ಚೀಟಿ ಏನು ಹೇಳುತ್ತೆ?" ಉತ್ತರ ಅವಳ ಬಾಯಿಂದಲೇ ಬಂತು.

ಆಮೇಲೆ ಅವನೇ ಮುಂದಿನ ಚೀಟಿಗಳನ್ನು ಬರೆಯುತ್ತೇನೆ ಅಂದ. ಬರೆದವನಿಗೆ ಉತ್ತರ ಮೊದಲೇ ಗೊತ್ತಿರುವುದರಿಂದ ಹೇಳುವ ಆತುರವೇ ಇಲ್ಲ. ನಾವು ಎಲ್ಲಿ ಎಡವುತ್ತೇವೆ ಅಂತ ನೋಡುತ್ತ ಕೂತಿದ್ದ. ಅದರಲ್ಲಿ ಅವನಿಗೆ ಸಿಕ್ಕ ಖುಷಿ ಕಡಿಮೆ ಏನಲ್ಲ.

ಇಬ್ಬರೇ ಇದ್ದಾಗ ಆಡುವಂಥದ್ದು ಏನಾದರೂ ಇದೆಯಾ?

ರಾತ್ರಿಪಾಳಿ

ನೂರರ ಆಟ ಆಡಿ. ಹಾಳೆ ಪೆನ್ಸಿಲ್ ಕೂಡ ಬೇಡ, ನಡೆಯುತ್ತ ಆಡಬಹುದು. ಮೊದಲನೆಯವರು 1ರಿಂದ 10ರ ಒಳಗಿನ ಒಂದು ಸಂಖ್ಯೆ ಹೇಳುತ್ತಾರೆ. ಎರಡನೆಯವರು ಅದಕ್ಕೆ 1ರಿಂದ 10ರವರೆಗೆ ಎಷ್ಟನ್ನಾದರೂ ಸೇರಿಸಿ ಮೊತ್ತ ಹೇಳುತ್ತಾರೆ. ಹೀಗೆ ಸರದಿಯಲ್ಲಿ ಸೇರಿಸುತ್ತ ಹೋಗಿ, ಯಾರು 100 ಹೇಳುತ್ತಾರೋ ಅವರು ಗೆದ್ದಂತೆ. ಮೊದಲ ಕೆಲವು ಆಟ ಅದೃಷ್ಟದ್ದು ಅನ್ನಿಸುತ್ತದೆ. ಅದೃಷ್ಟಕ್ಕೆ ಇದರಲ್ಲಿ ಜಾಗವೇ ಇಲ್ಲ.

ಚುಕ್ಕಿ

ತಮ್ಮನ ಜೊತೆ ಆಡಿದೆ. ಮೊದಲು ಅವನೇ ಗೆಲ್ಲುತ್ತಿದ್ದ. ಆಮೇಲೆ ಹಿಂದಿನಿಂದ ಯೋಚಿಸಿದೆ. ನಾನು 100 ಹೇಳಬೇಕಾದರೆ ಅವನು 90ರಿಂದ 99ರ ಒಳಗಿನ ಏನನ್ನಾದರೂ ಹೇಳಿರಬೇಕು. ಅವನು ಹಾಗೆ ಹೇಳಲೇಬೇಕಾದರೆ ನಾನು ಅದಕ್ಕೂ ಮುಂಚೆ 89 ಹೇಳಿರಬೇಕು. ಅಲ್ಲಿಂದ ಅವನು 1 ಸೇರಿಸಿದರೂ, 10 ಸೇರಿಸಿದರೂ 100 ನನಗೇ. ಹಾಗಾದರೆ ಆಟ ನಿಜವಾಗಿ 100ಕ್ಕಲ್ಲ, 89ಕ್ಕೆ ನಡೆಯುತ್ತಿದೆ. 89 ನನ್ನದಾಗಬೇಕಾದರೆ 78 ನನ್ನದಾಗಬೇಕು.

ಇನ್ನೂ ಹಿಂದಕ್ಕೆ ಹೋದರೆ ಮೊದಲ ಮಾತಿನಲ್ಲೇ ಗೆಲುವು ಗೊತ್ತಾಗಿಬಿಡುತ್ತದೆ. ಆ ಮೊದಲ ಸಂಖ್ಯೆ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ತಮ್ಮನೂ ಇದನ್ನು ಓದುತ್ತಿದ್ದಾನೆ, ಅವನಿಗಿನ್ನೂ ಸಿಕ್ಕಿಲ್ಲ.